ಇಂಡಕ್ಟರ್‌ಗಳ ಜಗಳ: ದೂರ ಇಡುವುದೋ, ತಿರುಗಿಸುವುದೋ, ಶೀಲ್ಡ್ ಇರುವುದನ್ನೇ ಕೊಳ್ಳುವುದೋ?

ಕಾಸರಗೋಡಿನ ಮಳೆಗಾಲದ ತೇವಕ್ಕೆ ಹೆದರಿ ಎಲ್ಲವನ್ನೂ ಚಿಕ್ಕ ಸೀಲ್ ಪೆಟ್ಟಿಗೆಗೆ ತುರುಕುತ್ತೇವೆ. 12 ವೋಲ್ಟನ್ನು 5ಕ್ಕೆ ಇಳಿಸುವ ಬಕ್ ಕನ್ವರ್ಟರಿನ ಪಕ್ಕದಲ್ಲೇ ರೇಡಿಯೊದ 7 ಮೆಗಾಹರ್ಟ್ಸ್ ಫಿಲ್ಟರ್ ಕೂತರೆ ಗೊರಗೊರ ಶುರು: ಒಂದರ ಇಂಡಕ್ಟರಿನ, ಅಂದರೆ ತಂತಿ ಸುತ್ತಿದ ಕಾಯಿಲಿನ, ಕಾಂತಕ್ಷೇತ್ರ ಇನ್ನೊಂದರ ಕಾಯಿಲಿಗೆ ಸೋಂಕುತ್ತದೆ.

ಯಾವ ಉಪಾಯದಲ್ಲಿ ಸೋಂಕು ಕಡಿಮೆ ಎಂದು ಹೋಲಿಸುವ ಕ್ರಮ ಸುಲಭ. ಒಂದು ಕಾಯಿಲಿಗೆ ಸಿಗ್ನಲ್ ಜನರೇಟರಿನಿಂದ 100 ಕಿಲೋಹರ್ಟ್ಸ್, ಇನ್ನೊಂದಕ್ಕೆ ಅಲೆ ತೋರಿಸುವ ಸ್ಕೋಪ್ (ಆಸಿಲೋಸ್ಕೋಪ್). ಪ್ರೋಬಿನ ಉದ್ದನೆಯ ಗ್ರೌಂಡ್ ವಯರ್ ತಾನೇ ಒಂದು ಸುತ್ತಿನ ಕಾಯಿಲ್ ಆಗಿಬಿಡುತ್ತದೆ. ಅದನ್ನು ತೆಗೆದು ಪ್ರೋಬಿನ ತುದಿಗೆ ಕೂರುವ ಪುಟ್ಟ ಗ್ರೌಂಡ್ ಸ್ಪ್ರಿಂಗ್ ಹಾಕಿ.

ದೂರ ಇಟ್ಟಷ್ಟೂ ಒಳ್ಳೆಯದು: ಅಂತರ ಎರಡು ಪಟ್ಟಾದರೆ ಸೋಂಕು ಸುಮಾರು ಎಂಟನೇ ಒಂದಕ್ಕಿಳಿಯುತ್ತದೆ. ಆದರೆ ಜಾಗ ಎಲ್ಲುಂಟು?

ತಿರುಗಿಸಲು ಖರ್ಚಿಲ್ಲ, ಮೋಸ ಹೋಗುವುದೂ ಇಲ್ಲೇ. ರೆಸಿಸ್ಟರಿನಂತೆ ಮಲಗುವ ಕಾಯಿಲ್‌ಗಳನ್ನು ಒಂದೇ ಗೆರೆಯಲ್ಲಿ ಸಾಲಾಗಿಟ್ಟರೆ ಸೋಂಕು 2 ಪಾಲು ಎನ್ನಿ. ಅಷ್ಟೇ ಅಂತರದಲ್ಲಿ ಅಕ್ಕಪಕ್ಕ ಇಟ್ಟರೆ 1. 'ಟಿ' ಆಕಾರದಲ್ಲಿ, ಒಂದರ ತುದಿ ಇನ್ನೊಂದರ ನಟ್ಟನಡುವಿಗೆ ನೋಡುವಂತಿಟ್ಟರೆ ಹೆಚ್ಚುಕಡಿಮೆ ಸೊನ್ನೆ. ಆದರೆ 'ಎಲ್' ಆಕಾರದಲ್ಲಿ ಮೂಲೆಗೆ ಮೂಲೆ ಇಟ್ಟರೆ 1.5ರವರೆಗೂ ಹೋಗುತ್ತದೆ. ಲಂಬವಾಗಿದ್ದರೆ ಸಾಕು ಎನ್ನುವವರು ಎಡವುವುದು ಈ ಮೂಲೆಯಲ್ಲಿ. ಬೋರ್ಡಿಗೆ ಅಂಟುವ ಡ್ರಮ್ ಕೋರಿನ ಅಕ್ಷವೋ ನೆಟ್ಟಗೆ ಮೇಲಕ್ಕೆ. ಅದನ್ನು ಎಷ್ಟು ಗಿರಗಿರ ತಿರುಗಿಸಿದರೂ ಪ್ರಯೋಜನವಿಲ್ಲ.

ಹಾಗಾಗಿ ಬಕ್ ಭಾಗಕ್ಕೆ ಕ್ಷೇತ್ರ ಸೋರುವುದನ್ನು ತಗ್ಗಿಸುವ ಕವಚವಿರುವ ಶೀಲ್ಡ್ ಇಂಡಕ್ಟರೇ ಬೇಕು, ಕಾಸು ಉಳಿಸಬೇಡಿ. ಅದೇ ಗಾತ್ರದಲ್ಲಿ ಸ್ಯಾಚುರೇಷನ್ ಕರೆಂಟ್ (ಕೋರ್ ತುಂಬಿ ಇಂಡಕ್ಟೆನ್ಸ್ ಕುಸಿಯತೊಡಗುವ ಕರೆಂಟ್) ಕಡಿಮೆ ಇರಬಹುದು, ಡೇಟಾಶೀಟ್ ನೋಡಿ. ಮೈಮೇಲೆ ಚುಕ್ಕೆ ಇದ್ದರೆ, ಸುತ್ತು ಶುರುವಾಗುವ ಆ ತುದಿ ಕನ್ವರ್ಟರಿನ ಸ್ವಿಚ್ಚಿಂಗ್ ಪಿನ್ನಿನ ಕಡೆಗಿರಲಿ. ಹೊರಗಿನ ಸುತ್ತುಗಳೇ ಒಳಗಿನ ಗದ್ದಲಕ್ಕೆ ಮರೆಯಾಗುತ್ತವೆ.

ಫಿಲ್ಟರಿಗೆ ಟಾರಾಯ್ಡ್, ಅಂದರೆ ಬಳೆಯಾಕಾರದ ಕೋರಿಗೆ ತಂತಿ ಸುತ್ತಿದ ಕಾಯಿಲ್. ಕೆಂಪು ಟಿ50-2 ಬಳೆಗೆ 16 ಸುತ್ತು ಹಾಕಿದರೆ ಸುಮಾರು 1.25 ಮೈಕ್ರೋಹೆನ್ರಿ. ತಂತಿ ತೂತಿನೊಳಗೆ ಹಾದಷ್ಟು ಸಲ ಎಣಿಸಿ, ಎರಡು ತುದಿಗಳ ನಡುವೆ 30 ಡಿಗ್ರಿ ಖಾಲಿ ಬಿಡಿ. ಬಳೆಯಿಂದ ಏನೂ ಸೋರುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ: ಸುತ್ತುತ್ತಾ ಸಾಗುವ ತಂತಿ ಬಳೆಯಗಲದ ಒಂದು ಸುತ್ತೂ ಆಗಿರುತ್ತದೆ. ಎರಡು ಬಳೆ ನಿಲ್ಲಿಸುವುದಾದರೆ ಅವೂ 'ಟಿ' ಆಕಾರದಲ್ಲಿರಲಿ.

ನಡುವೆ ತಾಮ್ರದ ಗೋಡೆ? 7 ಮೆಗಾಹರ್ಟ್ಸಿಗೆ ಕೆಲಸ ಮಾಡುತ್ತದೆ. ಆದರೆ ಕಾಯಿಲಿಗೆ ತೀರಾ ಹತ್ತಿರ ಬಂದರೆ ಇಂಡಕ್ಟೆನ್ಸ್ ಕುಸಿದು ಫಿಲ್ಟರ್ ಮೇಲಕ್ಕೆ ಜಾರುತ್ತದೆ. 50 ಹರ್ಟ್ಸ್ ಟ್ರಾನ್ಸ್‌ಫಾರ್ಮರಿನ ಹಮ್ಮಿಗೆ ತೆಳು ತಾಮ್ರ ವ್ಯರ್ಥ. ಆ ಆವರ್ತನಕ್ಕೆ ತಾಮ್ರದಲ್ಲಿ ಸ್ಕಿನ್ ಡೆಪ್ತೇ (ಕ್ಷೇತ್ರ ಲೋಹದೊಳಗೆ ಇಳಿಯುವ ಆಳ) 9 ಮಿಲಿಮೀಟರ್. ಸ್ಕ್ರೂ ಬಿಗಿಯುವ ಮುಂಚೆ ಟ್ರಾನ್ಸ್‌ಫಾರ್ಮರನ್ನು ನಿಧಾನ ತಿರುಗಿಸುತ್ತಾ ಹಮ್ ಅತಿ ಕಡಿಮೆಯಾಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅಲ್ಲೇ ತೂತು ಕೊರೆಯಿರಿ.