ಮಂಡಿ ಆಪರೇಷನ್ ನೋವಿಗೆ ಐಸ್, ಟೆನ್ಸ್, ಉಸಿರು, ಹಾಡು: ನಾಲ್ಕನ್ನೂ ನೋಡಿದೆ

ಮಂಡಿ ಬದಲಿಸುವ ಆಪರೇಷನ್ ಆದವರಿಗೆ ಮಾತ್ರೆ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಡೋಸ್ ಇಳಿದು ಇನ್ನೊಂದು ಬರುವವರೆಗೆ ಏನು ಮಾಡುವುದು? ನನ್ನ ಮಂಡಿ ಆಪರೇಷನ್ ಆದಾಗ ನಾನು ವಾರ್ಡಿನಲ್ಲಿ ಐಸ್, ಟೆನ್ಸ್, ಉಸಿರು, ಹಾಡು ಇವನ್ನೆಲ್ಲ ಮಾಡಿ ನೋಡಿದ್ದು ಆ ಹೊತ್ತಿಗಾಗಿ.

ನನ್ನ ಓಟು ಐಸ್ ಪ್ಯಾಕಿಗೆ. ಹೊಸದಾಗಿ ಕೊಯ್ದ ಮಂಡಿ ಊದಿಕೊಂಡು ಬಿಸಿಯಾಗಿರುತ್ತದೆ. ಆ ಬಿಗಿತಕ್ಕೇ ನೋವು ಜಾಸ್ತಿ. ಬಟ್ಟೆ ಸುತ್ತಿ 15-20 ನಿಮಿಷ ಇಟ್ಟರೆ ಸಾಕು, ನರ್ಸ್ ಬಂದು '0ಯಿಂದ 10ರಲ್ಲಿ ನೋವು ಎಷ್ಟು?' ಎಂದಾಗ 7 ಅನ್ನುತ್ತಿದ್ದವನು 4 ಅನ್ನುತ್ತಿದ್ದೆ. ಫಿಸಿಯೋ ಮುಗಿದ ಕೂಡಲೇ ಇಟ್ಟರೆ ಇನ್ನೂ ಹಾಯ್. ಬರಿ ಚರ್ಮಕ್ಕೆ ತಾಗಿಸಬೇಡಿ, ಸುಟ್ಟ ಹಾಗೆ ಗಾಯವಾಗುತ್ತದೆ. ಬ್ಯಾಂಡೇಜೂ ನೆನೆಯಬಾರದು. ನೋಡಲು ಬಂದವರೆಲ್ಲ 'ಬಿಸಿ ಶಾಖ ಕೊಡಿ' ಅನ್ನುತ್ತಾರೆ. ಹೊಸ ಊತಕ್ಕೆ ಶಾಖ ಬೇಡ, ಅಲ್ಲಿಗೆ ರಕ್ತ ಹರಿದು ಊತ ಇನ್ನೂ ಏರುತ್ತದೆ.

ಟೆನ್ಸ್ ಮಷಿನ್ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಹರಿಸುತ್ತಾರೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ನೋವಿನ ಸಂಶೋಧಕರು ಮುಂದಿಟ್ಟ 'ಗೇಟ್' ಸಿದ್ಧಾಂತ ಇದರ ಹಿಂದಿದೆ. ಮುಟ್ಟಿದ, ಒತ್ತಿದ ಸುದ್ದಿ ಬೆನ್ನುಹುರಿಗೆ ಹೋದರೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆಯಂತೆ. ಏಟು ಬಿದ್ದ ಜಾಗವನ್ನು ಸುಮ್ನೆ ತಿಕ್ಕಿಕೊಳ್ಳುತ್ತೇವಲ್ಲ, ಹಾಗೆ. ಮಷಿನ್ ಓಡುವಾಗ ಜುಮ್ಮೆಂದು ಹಿತ. ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ನೋವು ವಾಪಸ್. ಹೊಲಿಗೆಯ ಮೇಲೆ ಪ್ಯಾಡ್ ಅಂಟಿಸುವಂತಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು.

ಫಿಸಿಯೋದವರು ಮಂಡಿ ಮಡಚುವ ಆ ಕ್ಷಣಕ್ಕೆ ಇವೆರಡೂ ಒದಗುವುದಿಲ್ಲ. ಅಲ್ಲಿ ಗೆದ್ದದ್ದು ಉಸಿರು. ಮೂಗಿನಿಂದ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಾಯಿಂದ ಬಿಡಬೇಕು. ಬಿಡುವಾಗಲೇ ಮಡಚಿ ಎಂದು ಅವರಿಗೇ ಹೇಳಿಬಿಡಿ. ನಾವು ಉಸಿರು ಕಟ್ಟಿದರೆ ತೊಡೆಯೂ ಬಿಗಿಯುತ್ತದೆ, ಆಗ ಜೀವ ಹೋದ ಹಾಗಾಗುತ್ತದೆ.

ಹಾಡು ರಾತ್ರಿಗೆ. ನೋವು ಅಷ್ಟೇ ಇರುತ್ತದೆ, ಗಮನ ಬೇರೆ ಕಡೆ ಹೋಗುತ್ತದೆ. ಯಾರೋ ಆರಿಸಿದ ಕೊಳಲಿಗಿಂತ ನನ್ನ ಹಳೇ ಸಿನಿಮಾ ಹಾಡುಗಳೇ ವಾಸಿ. ಹೆಡ್‌ಫೋನ್ ಮರೆಯಬೇಡಿ, ಪಕ್ಕದ ಬೆಡ್‌ನವರೂ ಮಲಗಬೇಕು ಅಲ್ವಾ?

ಮೀನಖಂಡ ಊದಿ ನೋಯತೊಡಗಿದರೆ, ಜ್ವರ ಬಂದರೆ ಇವು ಯಾವುದನ್ನೂ ನೋಡುತ್ತ ಕೂರಬೇಡಿ. ಬೆಲ್ ಒತ್ತಿ ನರ್ಸ್ ಕರೆಯಿರಿ.