ವೇಟ್‌ಲಿಸ್ಟ್‌ನಲ್ಲಿ 7ನೇ ನಂಬರ್ ಅಂತ ನೆಮ್ಮದಿಯಾಗಿ ಕೂತಿದ್ದೆ

ಮುಂದಿನ ಸೆಮ್‌ನಲ್ಲಿ ಓಪನ್ ಎಲೆಕ್ಟಿವ್ ಆರಿಸಿಕೊಳ್ಳುವವರು ಇದನ್ನು ಓದಿ. ನಾನು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆರನೇ ಸೆಮ್ ಸಿವಿಲ್. ಕಾಲೇಜಿನ ಹೆಸರು ಬೇಡ, ಇನ್ನೂ ಒಂದು ವರ್ಷ ಅಲ್ಲೇ ಓದಬೇಕು ನಾನು.

ಓಪನ್ ಎಲೆಕ್ಟಿವ್ ಅಂದರೆ ಬೇರೆ ಬ್ರಾಂಚಿನವರು ಕೊಡುವ ಸಬ್ಜೆಕ್ಟ್. ನಮ್ಮ ಬ್ರಾಂಚಿನದನ್ನು ನಾವೇ ತೆಗೆದುಕೊಳ್ಳುವ ಹಾಗಿಲ್ಲ. 3 ಕ್ರೆಡಿಟ್, 40 ಗಂಟೆ ಪಾಠ. ನನಗೆ ಬೇಕಿದ್ದದ್ದು ಕಂಪ್ಯೂಟರ್ ಸೈನ್ಸ್‌ನವರ ಡೇಟಾಬೇಸ್. ನನಗೊಬ್ಬಳಿಗೇ ಅಲ್ಲ, ಮೆಕ್ಯಾನಿಕಲ್‌ನವರಿಗೂ ಅದೇ, ಎಲೆಕ್ಟ್ರಿಕಲ್‌ನವರಿಗೂ ಅದೇ. ಪ್ಲೇಸ್‌ಮೆಂಟ್ ಭಯ ಯಾರನ್ನು ಬಿಟ್ಟಿದೆ? ಸೀಟು ಮಾತ್ರ 60.

ಪೋರ್ಟಲ್ ಬೆಳಿಗ್ಗೆ 9ಕ್ಕೆ ತೆರೆಯಿತು. ನಾನು ಗುಬ್ಬಿಯಿಂದ ಬರುವ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಮೊಬೈಲು, ಪುಟ ತಿರುಗುತ್ತಲೇ ಇತ್ತು. ತುಮಕೂರು ಸ್ಟ್ಯಾಂಡಿನಲ್ಲಿ ಇಳಿದು ನೋಡಿದರೆ 60 ಸೀಟೂ ಭರ್ತಿ. 'ವೇಟ್‌ಲಿಸ್ಟ್, ಸ್ಥಾನ 7' ಅಂತ ಬಂತು.

ಆಫೀಸಿನಲ್ಲಿ ವಿಚಾರಿಸಿದೆ. "ಏಳೇ ಅಲ್ವೇನಮ್ಮಾ, ಬಂದೇ ಬರುತ್ತೆ ಬಿಡು. ಸದ್ಯಕ್ಕೆ ಇನ್ನೊಂದು ಯಾವುದಾದರೂ ತಗೊಂಡಿರು," ಅಂದರು ಅಲ್ಲಿದ್ದವರು. ಒಳ್ಳೆ ಮಾತು ಅನ್ನಿಸಿತು. ಮೆಕ್ಯಾನಿಕಲ್‌ನವರ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಸೀಟಿತ್ತು, ತೆಗೆದುಕೊಂಡೆ. ಜೊತೆಗೆ ಇರಲಿ ಅಂತ ಇನ್ನೆರಡು ಸಬ್ಜೆಕ್ಟಿನ ಕ್ಯೂನಲ್ಲೂ ಹೆಸರು ಹಾಕಿದೆ. ಎಲ್ಲರೂ ಹಾಕುತ್ತಿದ್ದರು.

ನಾನು ಎಡವಿದ್ದು ಇಲ್ಲೇ. ಇದು ಸಿಇಟಿಯ ಚಾಯ್ಸ್ 2 ಇದ್ದಂತೆ ಅಂದುಕೊಂಡೆ. ಅಲ್ಲಿ ಕೈಯಲ್ಲಿರುವ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು. ಮೇಲಿನ ಆಯ್ಕೆ ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಸಿಇಟಿ ಬರೆದು ಬಂದ ನಮಗೆಲ್ಲ ಅದೇ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿರುತ್ತದೆ.

ಕಾಲೇಜಿನ ಸಾಫ್ಟ್‌ವೇರ್‌ಗೆ ಆ ಲೆಕ್ಕ ಗೊತ್ತಿಲ್ಲ. ಎಲ್ಲ ಬ್ರಾಂಚಿನವರೂ ಬರಬೇಕಲ್ಲ, ಅದಕ್ಕೆ ಓಪನ್ ಎಲೆಕ್ಟಿವ್‌ಗಳೆಲ್ಲ ಒಂದೇ ಹೊತ್ತಿಗೆ ನಡೆಯುತ್ತವೆ. ನಮ್ಮಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ 2ಕ್ಕೆ. ಆ ಹೊತ್ತಿಗೆ ನಾನಾಗಲೇ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇಟ್ಟುಕೊಂಡಿದ್ದೆ. ಡೇಟಾಬೇಸ್‌ನಲ್ಲಿ ಒಂದು ಸೀಟು ಖಾಲಿಯಾದಾಗ ಸಿಸ್ಟಮ್ ನನ್ನ ಹೆಸರು ನೋಡುತ್ತದೆ, 'ಇವಳಿಗೆ ಆ ಹೊತ್ತಿಗೆ ಬೇರೆ ಕ್ಲಾಸಿದೆ' ಅನ್ನುತ್ತದೆ, ನನ್ನನ್ನು ದಾಟಿ ಮುಂದಿನವರಿಗೆ ಕೊಡುತ್ತದೆ. ನನಗೊಂದು ಮೆಸೇಜೂ ಇಲ್ಲ. ಇದಕ್ಕೆ ದಾರಿ ಇರಲಿಲ್ಲ ಅಂತಲ್ಲ. 'ಸೀಟು ಸಿಕ್ಕರೆ ಈಗಿನ ಕೋರ್ಸ್ ಬಿಡಿಸಿ' ಅಂತ ಕೆಳಗೆ ಒಂದು ಸಣ್ಣ ಚೌಕವಿತ್ತು, ಟಿಕ್ ಮಾಡಬೇಕಿತ್ತು. ಮೊಬೈಲಿನಲ್ಲಿ ಅದು ಕಾಣಬೇಕಾದರೆ ಪುಟವನ್ನು ಪೂರ್ತಿ ಕೆಳಗೆ ಎಳೆಯಬೇಕು. ನಾನು ಎಳೆದಿರಲಿಲ್ಲ.

ತಮಾಷೆ ಏನು ಗೊತ್ತಾ? ಒಂದು ವಾರದಲ್ಲಿ ನನ್ನ ನಂಬರು 7ರಿಂದ 5ಕ್ಕೆ ಇಳಿಯಿತು. ಮನೆಯಲ್ಲಿ ಅಮ್ಮನಿಗೆ ತೋರಿಸಿ ಖುಷಿಪಟ್ಟೆ. ನನ್ನ ಪಕ್ಕ ಕೂರುವ ಗೆಳತಿಯದು 19ನೇ ನಂಬರು. ಅವಳು ಒಂದು ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಕರೆದಳು. ಏನು ವಿಶೇಷ ಅಂದೆ. "ಡೇಟಾಬೇಸ್ ಸಿಕ್ತು ಕಣೇ!" ಅವಳ ಅಕ್ಕ ಅದೇ ಕಾಲೇಜಿನಲ್ಲಿ ಓದಿದವಳು, ಆ ಚೌಕದ ವಿಷಯ ಹೇಳಿಕೊಟ್ಟಿದ್ದಳು. ನನ್ನ ಇಡ್ಲಿ ತಟ್ಟೆಯಲ್ಲೇ ಉಳಿಯಿತು.

ಆಫೀಸಿಗೆ ಓಡಿದೆ. "ಸಿಸ್ಟಮ್ ಮಾಡಿದ್ದಮ್ಮಾ, ನಾವೇನು ಮಾಡೋಣ?" ಅಂದರು. ಅದೇ ಕುರ್ಚಿ, ಅದೇ ಮನುಷ್ಯ.

ಅವತ್ತೇ ಎರಡನೇ ತಪ್ಪು ಮಾಡಿದೆ, ಮೊದಲಿನದಕ್ಕಿಂತ ದೊಡ್ಡದು. ಸಿಟ್ಟಿನಲ್ಲಿ ಟಿಕ್ ಹಾಕುವ ಬದಲು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟನ್ನೇ ಬಿಟ್ಟೆ. ಆ ಹೊತ್ತು ಖಾಲಿಯಾದರೆ ಮುಂದಿನ ಸೀಟು ನನ್ನದೇ ತಾನೇ ಅಂತ. ನಾನು ಬಿಟ್ಟ ಸೀಟನ್ನು ಆ ಸಬ್ಜೆಕ್ಟಿನ ಕ್ಯೂನಲ್ಲಿದ್ದವರು ಯಾರೋ ತಕ್ಷಣ ಎತ್ತಿಕೊಂಡರು. ಎರಡು ದಿನ ಬಿಟ್ಟು ಸಂಜೆ 5ಕ್ಕೆ ನೋಂದಣಿ ಮುಗಿಯಿತು. ಮುಗಿದ ಕೂಡಲೇ ವೇಟ್‌ಲಿಸ್ಟ್‌ಗಳೆಲ್ಲ ಅಳಿಸಿಹೋದವು. ಸ್ಥಾನ 5 ಇದ್ದ ಜಾಗದಲ್ಲಿ ಏನೂ ಇಲ್ಲ. ರೈಲಿನಲ್ಲಾದರೆ ಆರ್‌ಎಸಿ ಅಂತ ಅರ್ಧ ಸೀಟಾದರೂ ಇರುತ್ತದೆ.

ಉಳಿದದ್ದು ಮೂರು ಸಬ್ಜೆಕ್ಟ್. ಒಂದು ನಮ್ಮ ಸಿವಿಲ್‌ನದೇ, ಹಾಗಾಗಿ ನನಗಿಲ್ಲ. ಒಂದಕ್ಕೆ ಹತ್ತು ಜನರೂ ಸೇರಲಿಲ್ಲ ಅಂತ ರದ್ದಾಯಿತು. ಕೊನೆಗೆ ಎಚ್‌ಒಡಿ ಪತ್ರ ಹಿಡಿದು ಅಲೆದಾಡಿ, ಮೂರು ವಾರ ಕಳೆದ ಮೇಲೆ ಮೂರನೆಯದಕ್ಕೆ ಸೇರಿದೆ. ಅಷ್ಟರಲ್ಲಿ 9 ಕ್ಲಾಸ್ ಆಗಿದ್ದವು. ಆ ದಿನಗಳಲ್ಲಿ ನಾನು ಡೇಟಾಬೇಸ್ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೇಡಂ ಪಾಪ ಬೇಡ ಅನ್ನಲಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಹಾಜರಿ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡಿ. ಶೇ. 85 ಹಾಜರಿ ಬೇಕು, ಅಂದರೆ 40ರಲ್ಲಿ 34. ಇನ್ನು ಮೇಲೆ ಒಂದೂ ತಪ್ಪಿಸದೆ ಹೋದರೂ ನನಗೆ ಸಿಗುವುದು 31, ಶೇ. 77.5. ತಡವಾಗಿ ಸೇರಿದವರಿಗೆ ಸೇರಿದ ದಿನದಿಂದ ಲೆಕ್ಕ ಹಿಡಿಯುತ್ತಾರೆ ಅಂತ ಸೀನಿಯರ್ ಒಬ್ಬರು ಹೇಳಿದ್ದರು. ನಮ್ಮಲ್ಲಿ ಹಾಗೆ ಹಿಡಿಯಲಿಲ್ಲ. ಕಡಿಮೆ ಬಿದ್ದ ಹಾಜರಿ ಮನ್ನಿಸಿ ಅಂತ ಕಂಡೋನೇಶನ್ ಅರ್ಜಿ ಬರೆದು, ಗುಬ್ಬಿಯಿಂದ ಅಪ್ಪನನ್ನು ಕರೆಸಿ ಸಹಿ ಹಾಕಿಸಿದ್ದಾಯಿತು. ಜ್ವರ ಬಂದರೂ ರಜೆ ಹಾಕುವ ಹಾಗಿಲ್ಲ ಈಗ.

ಡೇಟಾಬೇಸ್ ಮೇಡಂ ಆಮೇಲೆ ಒಂದು ಮಾತು ಹೇಳಿದರು. ಕ್ಯೂ ಉದ್ದ ಇದ್ದರೆ ಇನ್ನೊಂದು ಸೆಕ್ಷನ್ ತೆರೆಯೋಣ ಅಂತ ಅವರು ಕೇಳಿದ್ದರಂತೆ. ಆದರೆ ಪಟ್ಟಿ ತೆಗೆದು ನೋಡಿದರೆ ಅರ್ಧ ಜನ ಮೂರು ಮೂರು ಕ್ಯೂನಲ್ಲಿ ಇದ್ದಾರೆ. ನಿಜವಾಗಿ ಯಾರಿಗೆ ಬೇಕು ಅಂತ ಯಾರಿಗೆ ಗೊತ್ತಾಗಬೇಕು? ಸೆಕ್ಷನ್ ತೆರೆಯಲಿಲ್ಲ. ಆ ಮೂರು ಮೂರು ಕ್ಯೂಗಳಲ್ಲಿ ನನ್ನದೂ ಇತ್ತಲ್ಲ, ಸುಮ್ನೆ ತಲೆ ಅಲ್ಲಾಡಿಸಿದೆ. ಕಾಲೇಜಿನ ಮೇಲೆ ನನ್ನ ಸಿಟ್ಟು ಇಳಿದಿಲ್ಲ. ಹೆಸರು ದಾಟಿಸುವಾಗ ಒಂದು ಮೆಸೇಜ್ ಕಳಿಸುವುದು ಕಷ್ಟದ ಕೆಲಸವೇ? ಆದರೆ ಪೂರ್ತಿ ತಪ್ಪು ಅವರದ್ದೇ ಅಂದರೆ ಸುಳ್ಳಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಕ್ಯೂನಲ್ಲಿ ನಿಲ್ಲುವ ಮೊದಲು ಆಫೀಸಿನಲ್ಲಿ ಕೇಳಿ: ನನಗೆ ಅದೇ ಹೊತ್ತಿಗೆ ಬೇರೆ ಸಬ್ಜೆಕ್ಟ್ ಇದ್ದರೆ ನನ್ನ ಹೆಸರು ದಾಟಿಸುತ್ತೀರಾ? ಸೀಟು ಬಂದರೆ ತಾನಾಗಿ ಸೇರಿಸುತ್ತೀರೋ, ನಾನೇ ಒಪ್ಪಿಗೆ ಕೊಡಬೇಕೋ, ಕೊಡಲು ಎಷ್ಟು ಹೊತ್ತು? ವೇಟ್‌ಲಿಸ್ಟ್ ಅಳಿಸುವುದು ಯಾವ ದಿನ? 'ಬರುತ್ತೆ ಬಿಡು' ಅಂದರೆ ನಂಬಬೇಡಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಚಾಯ್ಸ್ ಹಾಕಲು ಕಂಪ್ಯೂಟರ್ ಮುಂದೆ ಕೂರಿ, ಬಸ್ಸಿನಲ್ಲಿ ಬೇಡ. ಕೈಯಲ್ಲಿರುವ ಸೀಟನ್ನು, ಇನ್ನೊಂದು ನಿಮ್ಮ ಹೆಸರಿಗೆ ಬಂದದ್ದು ಕಣ್ಣಾರೆ ಕಾಣುವ ತನಕ, ಬಿಡಲೇಬೇಡಿ.

ಡೇಟಾಬೇಸನ್ನು ಈಗ ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಕಲಿಯುತ್ತಿದ್ದೇನೆ. ಅಲ್ಲಿ ಕ್ಯೂ ಇಲ್ಲ, ಸೇರಲು ದುಡ್ಡೂ ಇಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ಕ್ಲಾಸ್ ನೋಟ್ಸನ್ನು ಗೆಳತಿ ತಾನಾಗಿಯೇ ಜೆರಾಕ್ಸಿಗೆ ಕೊಟ್ಟಳು. ಈ ಸಲ ಕ್ಯಾತ್ಸಂದ್ರದಲ್ಲಿ ದುಡ್ಡು ನಾನು ಕೊಟ್ಟೆ, ಇಡ್ಲಿಯನ್ನೂ ಪೂರ್ತಿ ತಿಂದೆ.