ಚಕ್ರ ಕಾಯಲು ಲಾಕ್ ನಟ್ಟೋ, ಕ್ಲ್ಯಾಂಪೋ?

ಅಲಾಯ್ ಚಕ್ರದ ಕಾರನ್ನು ರಾತ್ರಿ ರಸ್ತೆಯಲ್ಲೇ ನಿಲ್ಲಿಸುವವರಿಗೆ ಚಕ್ರ ಕಳುವಾಗದಿರಲು ನಾನು ಹೇಳುವುದು ಲಾಕ್ ನಟ್, ಅಂದರೆ ತನ್ನದೇ ಕೀಯಿಂದ ಬಿಚ್ಚುವ ನಟ್. ಪ್ರತಿ ಚಕ್ರದ ಒಂದು ನಟ್ ತೆಗೆದು ಇದನ್ನು ಹಾಕಿದರೆ ಆಯಿತು, ಆಮೇಲೆ ದಿನಾ ಏನೂ ಮಾಡಬೇಕಿಲ್ಲ. ಚಕ್ರಕ್ಕೆ ಹೊರಗಿನಿಂದ ಸಿಕ್ಕಿಸಿ ಬೀಗ ಹಾಕುವ ಕ್ಲ್ಯಾಂಪ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ ನಿಜ, ಆದರೆ ಅದು ಕಾಯುವುದು ಒಂದೇ ಚಕ್ರವನ್ನು, ಜೊತೆಗೆ ಬೆಳಗ್ಗೆ ಮಳೆಯಲ್ಲಿ ಬಗ್ಗಿ ಬಿಚ್ಚುವ ಕಷ್ಟ ಬೇರೆ. ತಿಂಗಳುಗಟ್ಟಲೆ ಊರಿಗೆ ಹೋಗುತ್ತೀರಾ? ಆಗ ಎರಡೂ ಇರಲಿ.

ನಟ್‌ನಲ್ಲೂ ಎರಡು ಥರ. ಸಾದಾ ಲಾಕ್ ನಟ್ ಮೇಲೆ ಕಳ್ಳರು ಬಿಗಿಯಾದ ಸಾಕೆಟ್ (ನಟ್ ತಿರುಗಿಸುವ ಕೊಳವೆಯಂಥ ಪಾನಾ) ಬಡಿದು ಕೂರಿಸಿ ತಿರುಗಿಸಿಬಿಡಬಹುದು. ಹೊರಗಿನ ಬಳೆ ಸುಮ್ನೆ ಗರಗರ ತಿರುಗುವಂಥದ್ದು ಸಿಕ್ಕರೆ ಅದನ್ನೇ ತಗೊಳ್ಳಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಸರಿ, ಸಾಕೆಟ್‌ಗೆ ಹಿಡಿತವೇ ಸಿಗುವುದಿಲ್ಲ. ಕೀ ಕಾರಲ್ಲೇ ಇರಲಿ, ಇಲ್ಲದಿದ್ದರೆ ದಾರಿಯಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ, ಅಲ್ವಾ? ಪಂಕ್ಚರ್ ಅಂಗಡಿಯಲ್ಲಿ ಕೀ ಮೇಲೆ ನಟ್ ಬಿಚ್ಚುವ ಏರ್ ಗನ್ ಹಾಕಲು ಬಿಡಬೇಡಿ, ಮುರಿದುಹೋಗಬಹುದು.